ನಾಲ್ಕು ಅಲಗಿನ ಬಾಣವೂ ಪೇಪರ್ ಪ್ಲೇಟೂ

ಬಿಲ್ಲು ಹಿಡಿಯುವುದರಲ್ಲಿ ಕಷ್ಟವೇನೂ ಇಲ್ಲ. ಒಂದು ಕೈಯಲ್ಲಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಎಳೆಯಬೇಕು, ಆಮೇಲೆ ಬಿಟ್ಟುಬಿಡಬೇಕು. ಇಷ್ಟು ಕೆಲಸಕ್ಕೆ ನಮ್ಮ ಪುರಾಣದವರು ಗುರುಕುಲ, ತಪಸ್ಸು ಎಂದು ಅಷ್ಟೆಲ್ಲ ಯಾಕೆ ಒದ್ದಾಡಿದರೋ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಎಂಬತ್ತರ ದಶಕದ ಆ ದಿನಗಳಲ್ಲಿ ನಾವು ಅಮೆರಿಕದ ಕ್ಯಾಂಪ್‌ಬೆಲ್‌ನಲ್ಲಿದ್ದೆವು. ಕಂಪ್ಯೂಟರಿನ ಡಿಸ್ಕ್ ತಯಾರಿಸುವ ಒಂದು ಕಂಪನಿಯಲ್ಲಿ ಕೂದಲೆಳೆಗಿಂತ ಸಣ್ಣ ಅಂತರಗಳನ್ನು ಅಳೆಯುವುದು ನನ್ನ ಉದ್ಯೋಗ. ಅಂಥವನಿಗೆ ಒಂದು ಹಂದಿಯ ಅಗಲ ಯಾವ ಲೆಕ್ಕ!

ಆದರೆ ನಾನು ಬಿಲ್ಲು ಹಿಡಿಯಲು ಮೂಲ ಕಾರಣ ಹಂದಿಯಲ್ಲ, ಪೇಪರ್ ಪ್ಲೇಟು.

ಮಂಡ್ಯ, ಹಾಸನದ ಕಡೆಯ ನಾವು ಆರೇಳು ಮನೆಯವರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಮುದ್ದೆ ಊಟ ಮಾಡುತ್ತಿದ್ದೆವು. ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿ ತರಬೇಕು. ಯಾರು ಏನು ತರಬೇಕು ಎಂದು ಫೋನಿನಲ್ಲಿ ಅಪ್ಪಣೆ ಕೊಡುವ ಅಧಿಕಾರವನ್ನು ಹತ್ತಿರದ ಪ್ಲೆಸೆಂಟನ್ ಊರಿನ ನಂಜೇಗೌಡ ತಾನಾಗಿಯೇ ವಹಿಸಿಕೊಂಡಿದ್ದ. ಕಾಲೇಜಿನಲ್ಲಿ ನನ್ನ ಪಕ್ಕದಲ್ಲೇ ಕೂತವನು; ಆಗಲೂ ಹಾಗೆಯೇ ಇದ್ದ. ನನ್ನ ಹೆಂಡತಿ ಸರೋಜ ಆಸ್ಪತ್ರೆಯಲ್ಲಿ ನರ್ಸು. ವೀಕೆಂಡು ಬಂತೆಂದರೆ ಅವಳಿಗೆ ಡ್ಯೂಟಿ. ಹೀಗಾಗಿ ಒಂದು ಸಲ ನಾನೇ ಬಿಸಿಬೇಳೆಬಾತು ಮಾಡಿಕೊಂಡು ಹೋದೆ. ಅದನ್ನು ಪಾತ್ರೆಯಿಂದ ಬಿಡಿಸಲು ಸೌಟು ಸಾಲದೆ ನಂಜೇಗೌಡ ಗರಾಜಿಗೆ ಹೋಗಿ ಸ್ಕ್ರೂಡ್ರೈವರ್ ತಂದ. ಮುಂದಿನ ತಿಂಗಳಿಂದ ಅವನ ಫೋನು ಬಹಳ ಚಿಕ್ಕದಾಯಿತು.

"ಚಂದ್ರು, ನೀನು ಪೇಪರ್ ಪ್ಲೇಟ್ ತಗೊಂಬಾ, ಸಾಕು."

ಆ 'ಸಾಕು' ನನ್ನ ಎದೆಯಲ್ಲಿ ನಾಟಿತು. ಉಳಿದವರು ಪಾತ್ರೆ ಹೊತ್ತು ಬಂದರೆ ಜನ ಎದ್ದು ಬಂದು ಮುಚ್ಚಳ ತೆಗೆದು ನೋಡುತ್ತಿದ್ದರು, ಹೆಂಗಸರು ಏನೇನು ಹಾಕಿದಿರಿ ಎಂದು ವಿಚಾರಿಸುತ್ತಿದ್ದರು. ನಾನು ಕಂಕುಳಲ್ಲಿ ಪ್ಲೇಟಿನ ಕಟ್ಟು ಇಟ್ಟುಕೊಂಡು ಒಳಗೆ ಹೋದರೆ, ಅಲ್ಲಿ ಟೇಬಲ್ ಮೇಲೆ ಇಡಿ ಎಂಬ ಸೂಚನೆ ಬಿಟ್ಟು ಬೇರೆ ಸ್ವಾಗತವಿರಲಿಲ್ಲ. ಪೇಪರ್ ಪ್ಲೇಟು ಹೇಗೆ ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ.

ಹೀಗೆ ಮನಸ್ಸು ನೊಂದಿದ್ದಾಗ ಪಕ್ಕದ ಮನೆಯ ಹೆರಾಲ್ಡ್ ನನಗೊಂದು ಬಿಲ್ಲು ಕೊಟ್ಟ. ರಿಟೈರಾದ ಮೇಲೆ ಹಿತ್ತಲಲ್ಲಿ ತರಕಾರಿ ಬೆಳೆದುಕೊಂಡಿದ್ದ ಮನುಷ್ಯ. ಹರೆಯದಲ್ಲಿ ದೊಡ್ಡ ಬೇಟೆಗಾರನಂತೆ. ಬಿಲ್ಲು ರಿಕರ್ವ್ ಎಂಬ ಜಾತಿಯದು. ತುದಿಗಳು ಹೊರಕ್ಕೆ ಬಾಗಿರುತ್ತವೆ, ರಾಟೆ, ಗುರಿಕಣ್ಣು ಎಂಬ ಹೊಸ ಕಾಲದ ಸಲಕರಣೆ ಒಂದೂ ಇಲ್ಲ. ಕ್ಯಾಲೆಂಡರಿನಲ್ಲಿ ಶ್ರೀರಾಮಚಂದ್ರ ಹಿಡಿದುಕೊಂಡಿರುತ್ತಾನಲ್ಲ, ಹೆಚ್ಚುಕಡಿಮೆ ಅದೇ. ಬೇಸಿಗೆ ಪೂರ್ತಿ ಹೆರಾಲ್ಡನ ಹಿತ್ತಲಲ್ಲಿ ಹುಲ್ಲಿನ ಪಿಂಡಿಗೆ ಬಾಣ ಬಿಟ್ಟೆ. ಕೊನೆಕೊನೆಗೆ ಬಾಣಗಳು ಪಿಂಡಿಗೇ ತಗಲತೊಡಗಿದವು. ಬೇಟೆಯ ಲೈಸೆನ್ಸಿಗೆ ಪರೀಕ್ಷೆ ಬರೆದು ಪಾಸೂ ಆದೆ. ಪ್ಲೆಸೆಂಟನ್ ದಾಟಿ ಗುಡ್ಡದ ಕಡೆ ಹೆರಾಲ್ಡನ ಪರಿಚಯದವರ ದನದ ಫಾರಮ್ಮು ಇತ್ತು. ಕಾಡುಹಂದಿಗಳು ಬಂದು ಹುಲ್ಲುಗಾವಲನ್ನೆಲ್ಲ ಉತ್ತು ಹಾಕುತ್ತಿವೆ, ಬಂದು ಹೊಡೆಯಿರಿ ಎಂದು ಅವರು ಅನುಮತಿ ಕೊಟ್ಟಿದ್ದರು. ಅಕ್ಟೋಬರಿನ ಒಂದು ಶನಿವಾರ ಕರೆದುಕೊಂಡು ಹೋಗುತ್ತೇನೆ ಎಂದ ಹೆರಾಲ್ಡ್.

ಅಷ್ಟು ಸಾಕಾಯಿತು. ಆ ತಿಂಗಳ ಊಟಕ್ಕೆ ನಂಜೇಗೌಡನ ಮನೆಗೆ ಹೋದವನು ಪ್ಲೇಟಿನ ಕಟ್ಟನ್ನು ಟೇಬಲ್ ಮೇಲೆ ಇಟ್ಟು, ಗಂಟಲು ಸರಿಮಾಡಿಕೊಂಡು, ನಮ್ಮ ತಾತ ಬೇಟೆಗಾರರಾಗಿದ್ದ ವಿಷಯವನ್ನು ಸಭೆಗೆ ತಿಳಿಸಿದೆ. ನಂತರ ಹೇಳಿದೆ:

"ಮುಂದಿನ ಊಟ ನಮ್ಮನೇಲಿ. ಕಾಡುಹಂದಿ ಸಾರು. ಹಂದಿ ನಾನೇ ಹೊಡ್ಕೊಂಡು ಬರ್ತೀನಿ."

ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು. ನಂಜೇಗೌಡ ಮಾತ್ರ ಅಗಿಯುತ್ತಲೇ ಕೇಳಿದ. "ಹಂದಿ ಒಪ್ಲಿಲ್ಲ ಅಂದ್ರೆ?"

"ತರ್ಲಿಲ್ಲ ಅಂದ್ರೆ ಜೀವನಪೂರ್ತಿ ಪೇಪರ್ ಪ್ಲೇಟು ನಂದೇ."

"ಎಲ್ರೂ ಕೇಳುಸ್ಕೊಂಡ್ರಲ್ಲ?" ಎಂದು ಅವನು ಸುತ್ತ ನೋಡಿದ. ಎಲ್ಲರೂ ಕೇಳಿಸಿಕೊಂಡಿದ್ದರು.

ವಾಪಸು ಬರುವಾಗ ಸರೋಜ, ತಾತ ಬೇಟೆಗಾರರೆಂದು ತನಗೆ ಇಷ್ಟು ವರ್ಷ ಯಾಕೆ ಹೇಳಿರಲಿಲ್ಲ ಎಂದು ಕೇಳಿದಳು. ತಾತ ರಾಗಿ ಹೊಲದಲ್ಲಿ ರಾತ್ರಿಯೆಲ್ಲ ತಮಟೆ ಬಡಿದು ಹಂದಿ ಓಡಿಸುತ್ತಿದ್ದುದು ನಿಜ. ಓಡಿಸುವುದಕ್ಕೂ ಬೇಟೆಯಾಡುವುದಕ್ಕೂ ಇರುವ ಸಣ್ಣ ವ್ಯತ್ಯಾಸವನ್ನು ಸಭೆಯಲ್ಲಿ ಬಿಡಿಸಿ ಹೇಳಲು ಸಮಯವಿರಲಿಲ್ಲ, ಅಷ್ಟೆ.

ಇನ್ನು ಉಳಿದದ್ದು ಬಾಣದ ಮೊನೆ. ಅಭ್ಯಾಸಕ್ಕೆ ಹಾಕುವ ಮೊನೆ ಪೆನ್ಸಿಲ್ ತುದಿಯ ಹಾಗಿರುತ್ತದೆ. ಅದರಲ್ಲಿ ಬೇಟೆಯಾಡಿದರೆ ಪ್ರಾಣಿಗೆ ಹಿಂಸೆ. ಬೇಟೆಗೆ ಅಗಲ ಅಲಗಿನ, ಬ್ಲೇಡಿನಷ್ಟು ಹರಿತವಾದ ಮೊನೆ ಬೇಕು. ಬ್ರಾಡ್‌ಹೆಡ್ಡು ಎನ್ನುತ್ತಾರೆ. ಹೆರಾಲ್ಡ್ ಎರಡೇ ಮಾತು ಹೇಳಿದ. ನಿನ್ನದು ಹಗುರ ಬಿಲ್ಲು, ಹಾಗಾಗಿ ಎರಡೇ ಅಲಗಿನದು ತಗೋ, ಸಲೀಸಾಗಿ ಒಳಗೆ ಹೋಗುತ್ತದೆ; ತೂಕ ಅಭ್ಯಾಸದ ಮೊನೆಯಷ್ಟೇ ಇರಲಿ, ಇಲ್ಲದಿದ್ದರೆ ಕಲಿತದ್ದೆಲ್ಲ ಹಾಳು. ಹೀಗೆ ಹೇಳಿ ಟೊಮೇಟೊ ಗಿಡಕ್ಕೆ ನೀರು ಹಾಕಲು ಹೋದ.

ಇಷ್ಟು ಗಂಭೀರವಾದ ವಿಷಯ ಎರಡು ಮಾತಿನಲ್ಲಿ ಮುಗಿಯುವುದೆಂದರೆ ಎಂಜಿನಿಯರಾದವನಿಗೆ ಅವಮಾನ. ಅಂಗಡಿಗೆ ಹೋದೆ. ಒಂದು ಗೋಡೆಯ ತುಂಬ ಬ್ರಾಡ್‌ಹೆಡ್ಡುಗಳು! ಎರಡು ಅಲಗು, ಮೂರು ಅಲಗು, ನಾಲ್ಕು ಅಲಗು, ತೂತಿರುವುದು, ತೂತಿಲ್ಲದ್ದು, ಎಲೆಯಂಥದ್ದು, ಮೀನಿನಂಥದ್ದು. ಮದುವೆಗೆ ಸೀರೆ ಆರಿಸಲು ಹೋದಾಗ ಸರೋಜ ಐದು ಅಂಗಡಿ ತಿರುಗಿದ್ದಕ್ಕೆ ನಾನು ಗೊಣಗಿದ್ದೆ. ಅಂದು ಆ ಗೋಡೆಯ ಮುಂದೆ ನಿಂತಾಗ ಅವಳ ಮೇಲೆ ಮೊದಲ ಸಲ ಗೌರವ ಮೂಡಿತು.

ಅಲ್ಲಿಂದ ತಂದ ಕಂಪನಿ ಬ್ರೋಷರುಗಳನ್ನು ಆಫೀಸಿಗೆ ಒಯ್ದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಮೀಟಿಂಗಾಯಿತು. ಒಬ್ಬ ಗಾಳಿಯ ಒತ್ತಡದ ಸೂತ್ರ ಬರೆದ. ಇನ್ನೊಬ್ಬ ಬೋರ್ಡಿನ ಮೇಲೆ ಹಂದಿಯನ್ನು ಸಿಲಿಂಡರ್ ಎಂದು ಭಾವಿಸಿ ಚಿತ್ರ ಬಿಡಿಸಿದ. ನಾನು ಬಣ್ಣ ಬಣ್ಣದ ಗ್ರಾಫ್ ಹಾಕಿದೆ. ಎಲ್ಲ ಗೆರೆಗಳೂ ಒಂದೇ ಕಡೆ ಬಂದು ಸೇರಿದವು: ನಾಲ್ಕು ಅಲಗು. ಎರಡಕ್ಕಿಂತ ನಾಲ್ಕು ದೊಡ್ಡದು ಎಂಬುದನ್ನು ಗ್ರಾಫಿಲ್ಲದೆಯೂ ತಿಳಿಯಬಹುದಿತ್ತು. ಆದರೆ ಗ್ರಾಫಿದ್ದಾಗ ನಂಬಿಕೆ ಜಾಸ್ತಿ. ಆ ಕೋಣೆಯಲ್ಲಿದ್ದವರು ಯಾರೂ ತಮ್ಮ ಜನ್ಮದಲ್ಲಿ ಸೊಳ್ಳೆಗಿಂತ ದೊಡ್ಡದನ್ನು ಹೊಡೆದವರಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ನಾಲ್ಕು ಅಲಗಿನದು ರಾಟೆ ಇರುವ ಹೊಸ ಕಾಲದ ಬಿಲ್ಲು ಎಳೆಯುವವರಿಗೆ ಚೆನ್ನ ಎಂದು ಅಂಗಡಿಯವನೂ ಒಮ್ಮೆ ಹೇಳಿ ನೋಡಿದ. ನಾನು ಗ್ರಾಫ್ ತೋರಿಸಿದೆ. ಅವನು ಸುಮ್ಮನೆ ಪ್ಯಾಕ್ ಮಾಡಿಕೊಟ್ಟ. ತೂಕವೂ ಹೆಚ್ಚಿನದೇ ತಗೊಂಡೆ. ಭಾರವಿದ್ದರೆ ಗಟ್ಟಿ ಎಂದು ನಮ್ಮಮ್ಮ ಪಾತ್ರೆ ಕೊಳ್ಳುವಾಗ ಹೇಳುತ್ತಿದ್ದರು.

ಇವನ್ನು ಮರದ ಬಾಣದ ತುದಿಗೆ ಅಂಟಿಸಬೇಕು. ಅದಕ್ಕೆ ಕಡ್ಡಿಯ ರೂಪದ ಒಂದು ಅಂಟು. ಬೆಂಕಿಯಲ್ಲಿ ಕರಗಿಸಿ, ಬಿಸಿ ಇರುವಾಗಲೇ ಮೊನೆಯನ್ನು ನೆಟ್ಟಗೆ ಕೂರಿಸಬೇಕು. ಸರೋಜ ಡ್ಯೂಟಿಗೆ ಹೋದ ಸಮಯ ನೋಡಿ ಒಲೆ ಹಚ್ಚಿದೆ. ಇಕ್ಕಳದಲ್ಲಿ ಮೊನೆ ಹಿಡಿದು ಕಾಯಿಸಿದೆ. ಅಂಟು ನನ್ನ ಹೆಬ್ಬೆರಳು, ಇಕ್ಕಳ, ಒಲೆಯ ಗುಂಡಿ ಇವುಗಳಿಗೆ ಬಹಳ ಚೆನ್ನಾಗಿ ಹಿಡಿಯಿತು. ಬಾಣಕ್ಕೆ ಸ್ವಲ್ಪ ಹಿಡಿಯಿತು. ಮೊನೆ ನೆಟ್ಟಗಿದೆಯೇ ಎಂದು ತಿಳಿಯಲು ಬಾಣವನ್ನು ತುದಿಯ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಬೇಕು. ತಿರುಗಿಸಿದೆ. ಸಂಗೀತ ಕಚೇರಿಯ ಮುಂದಿನ ಸಾಲಿನಲ್ಲಿ ಕೂತವರ ಹಾಗೆ ಎಲ್ಲ ಮೊನೆಗಳೂ ತಲೆದೂಗಿದವು. ತುಸು ಓರೆ ಇದ್ದರೆ ಬಾಣಕ್ಕೆ ಲಾಲಿತ್ಯ ಬರುತ್ತದೆ ಎಂದುಕೊಂಡೆ.

ಆಮೇಲೆ ಸಾಣೆ. ಅಲಗು ಹರಿತವಾಗಿದೆಯೇ ಎಂದು ನೋಡಲು ಬೇಟೆಗಾರರು ಮುಂಗೈ ಕೂದಲು ಬೋಳಿಸಿ ನೋಡುತ್ತಾರಂತೆ. ಒಂದೊಂದು ಮೊನೆಗೆ ನಾಲ್ಕು ಅಲಗು. ಮೊನೆಗಳೋ ಅರ್ಧ ಡಜನ್. ಎರಡು ಅಲಗಿನದು ತೆಗೆದುಕೊಂಡಿದ್ದರೆ ಎಡಗೈಯಲ್ಲೇ ಮುಗಿಯುತ್ತಿತ್ತು. ನನಗೆ ಎಡಗೈ ಸಾಲದೆ ಬಲಗೈಗೆ ಹೋಗಿ, ಅದೂ ಮುಗಿದು, ಎಡಗಾಲಿಗೆ ಇಳಿಯಬೇಕಾಯಿತು. ಮಾರನೆಯ ದಿನ ಅರ್ಧ ತೋಳಿನ ಷರ್ಟಿನಲ್ಲಿ ಆಫೀಸಿಗೆ ಹೋದರೆ ನನ್ನ ಮ್ಯಾನೇಜರು ಪಕ್ಕಕ್ಕೆ ಕರೆದು, ಆಪರೇಷನ್ನು ಏನಾದರೂ ಇದ್ದರೆ ರಜೆ ತಗೋ, ಸಂಕೋಚ ಬೇಡ ಎಂದ.

ಮನೆಯಲ್ಲಿ ಇದನ್ನು ಮೊದಲು ಗಮನಿಸಿದವರು ನಮ್ಮ ಅತ್ತೆ. ಮಂಡ್ಯದ ಹತ್ತಿರದ ಹಳ್ಳಿಯಿಂದ ಮಗಳ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ಅಳಿಯನ ಜೊತೆ ನೇರವಾಗಿ ಮಾತಾಡುವುದು ಅವರ ಕಾಲದ ಮರ್ಯಾದೆಯಲ್ಲ. ನಾನು ಅವರ ಎದುರಿಗೇ ತಟ್ಟೆ ಹಿಡಿದು ಕೂತಿದ್ದರೂ, ನಿಮ್ಮೆಜಮಾನ್ರಿಗೆ ಇನ್ನೊಂದು ಮುದ್ದೆ ಬೇಕಾ ಕೇಳು ಎಂದು ಮಗಳಿಗೇ ಹೇಳುತ್ತಿದ್ದರು. ಅಂದೂ ಹಾಗೆಯೇ, ನನ್ನ ಕೈ ನೋಡುತ್ತ, ಸರೋಜಳನ್ನು ಕೇಳಿದರು.

"ನಿಮ್ಮೆಜಮಾನ್ರು ಏನಾರ ಹರಕೆ ಹೊತ್ತವ್ರಾ? ತಲೆ ಬಿಟ್ಟು ಕೈ ಬೋಳುಸ್ಕಂಡವ್ರಲ್ಲ."

ಹಂದಿಗಾಗಿ ಎಂದಳು ಸರೋಜ. ಅತ್ತೆ, ಹಂದಿಗೆ ಹರಕೆ ಹೊರುವುದನ್ನು ತಾವು ಕೇಳಿಲ್ಲ ಎಂದರು.

ಅಷ್ಟರಲ್ಲಿ ದಸರಾ ಬಂತು. ಇಲ್ಲಿಯ ನಮ್ಮ ಹಬ್ಬಗಳು ಪಂಚಾಂಗ ನೋಡಿ ಬರುವುದಿಲ್ಲ, ವೀಕೆಂಡು ನೋಡಿ ಬರುತ್ತವೆ. ಹಾಗಾಗಿ ಶುಕ್ರವಾರ ಸಂಜೆ ಆಯುಧಪೂಜೆ, ಶನಿವಾರ ವಿಜಯದಶಮಿ, ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಎಂದು ನಿಶ್ಚಯವಾಯಿತು. ಹೆರಾಲ್ಡ್ ಹೇಳಿದ ಶನಿವಾರವೂ ಅದೇ! ಅರ್ಜುನ ಬನ್ನಿ ಮರದಿಂದ ಬಿಲ್ಲು ಇಳಿಸಿದ ದಿನವೇ ನಾನೂ ಬೇಟೆಗೆ ಹೊರಡುವುದು. ಇದಕ್ಕಿಂತ ಒಳ್ಳೆಯ ಮುಹೂರ್ತವನ್ನು ಯಾವ ಗ್ರಾಫೂ ತೋರಿಸಲಾರದು.

ಆ ಶುಕ್ರವಾರ ಅತ್ತೆ ಬೆಳಗಿನಿಂದ ಸಪ್ಪಗಿದ್ದರು. ಊರಲ್ಲಾದರೆ ನೇಗಿಲು, ಕುಡುಗೋಲು, ಮಚ್ಚು, ಕೊಡಲಿ ಎಲ್ಲ ತೊಳೆದು ಸಾಲಾಗಿ ಇಡುತ್ತಿದ್ದರು. ಇಲ್ಲಿ ಏನಿದೆ? ಕಾರು, ಹೊಲಿಗೆ ಮಿಷನ್ನು, ಮಿಕ್ಸಿ, ನನ್ನ ಕ್ಯಾಲ್ಕ್ಯುಲೇಟರು. ಕ್ಯಾಲ್ಕ್ಯುಲೇಟರಿಗೆ ಕುಂಕುಮ ಇಡಲು ಅವರಿಗೆ ಕೈ ಬರಲಿಲ್ಲ. ಆಗ ಗರಾಜಿನ ಮೂಲೆಯಲ್ಲಿ ಒರಗಿಸಿದ್ದ ಬಿಲ್ಲುಬಾಣ ಕಣ್ಣಿಗೆ ಬಿತ್ತು. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಅಮೆರಿಕದಲ್ಲಿ ಕೊನೆಗೂ ಒಂದು ಆಯುಧ ಸಿಕ್ಕಿತು!

ಅವರು ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಬಿಲ್ಲಿಗೆ ನಮ್ಮ ಮನೆಯ ಮುಂದಿನ ಬಳ್ಳಿಯ ಮಲ್ಲಿಗೆ ಕಟ್ಟಿ ಸುತ್ತಿದರು. ಬಾಣದ ಮೊನೆಗಳಿಗೆ ಗಂಧ ಬಳಿದು ಅರಿಸಿನ ಕುಂಕುಮ ಮೆತ್ತಿದರು. ಆಮೇಲೆ ಊರಿನಲ್ಲಿ ಕುಡುಗೋಲಿನ ತುದಿಗೆ ಸಿಕ್ಕಿಸುವ ಹಾಗೆ, ಒಂದೊಂದು ಮೊನೆಗೂ ಒಂದೊಂದು ನಿಂಬೆಹಣ್ಣು ಚುಚ್ಚಿ ನಿಲ್ಲಿಸಿದರು. ಕಾರಿನ ನಾಲ್ಕು ಚಕ್ರದಡಿಗೂ ನಿಂಬೆಹಣ್ಣು ಇಟ್ಟು ನನ್ನಿಂದ ಹರಿಸಿದರು. ಸಾಣೆ ಹಿಡಿದ ಅಲಗನ್ನು ಬೆರಳಿನಿಂದಲೂ ಮುಟ್ಟಬಾರದೆಂದು ಹೆರಾಲ್ಡ್ ಹೇಳಿದ್ದು ನೆನಪಿತ್ತು. ಆದರೆ ತಿಂಗಳುಗಳಿಂದ ಒಂಟಿಯಾಗಿ ಟೀವಿ ನೋಡುತ್ತ ಕೂತಿದ್ದ ಹಿರಿಯರು ಅಷ್ಟು ಸಂತೋಷವಾಗಿ ಓಡಾಡುತ್ತಿರುವಾಗ ಬೇಡ ಎನ್ನಲು ಬಾಯಿ ಬರಲಿಲ್ಲ. ಅಲ್ಲದೆ, ಒಳಗೊಳಗೆ, ಗ್ರಾಫಿನ ಜೊತೆ ದೇವರೂ ಇದ್ದರೆ ಒಳ್ಳೆಯದು ಎಂದೂ ಅನಿಸಿತು.

ಬೆಳಗಿನ ಜಾವ ಮಂಗಳಾರತಿಯಾದ ಮೇಲೆ ನಿಂಬೆಹಣ್ಣು ಕಿತ್ತರೆ, ಅಲಗುಗಳು ಕಪ್ಪಗಾಗಿದ್ದವು. ಹುಳಿ ಕಬ್ಬಿಣವನ್ನು ಏನು ಮಾಡುತ್ತದೆ ಎಂಬುದನ್ನು ನಾನು ಹೈಸ್ಕೂಲಿನಲ್ಲೇ ಓದಿ ಮಾರ್ಕು ತೆಗೆದಿದ್ದೆ. ಎರಡು ಕೈ, ಒಂದು ಕಾಲು ಬೋಳಿಸಿದ್ದ ಅಲಗು ಈಗ ಬೆಣ್ಣೆಗೂ ಕೈಮುಗಿಯುವಂತಿತ್ತು. ಸಾಣೆಗೆ ಸಮಯವಿಲ್ಲ, ಹೊರಗೆ ಹೆರಾಲ್ಡನ ಟ್ರಕ್ಕು ಬಂದಾಗಿತ್ತು. ಗಂಧವನ್ನಾದರೂ ಒರೆಸೋಣ ಎಂದರೆ, ಕೆಲಸಕ್ಕೆ ಮುಂಚೆ ಒರೆಸಬಾರದಂತೆ ಎಂದು ಸರೋಜಳ ಮೂಲಕ ಆಜ್ಞೆ ಬಂತು. ಅತ್ತೆ ಪುರಿ, ಕಡಲೆ, ಕೊಬ್ಬರಿ, ಬೆಲ್ಲದ ಪ್ರಸಾದ ಪೊಟ್ಟಣ ಕಟ್ಟಿ ನನ್ನ ಜಾಕೆಟ್ಟಿನ ಜೇಬಿಗೆ ಹಾಕಿಸಿದರು. ನಾನು ಹೊರಡುವಾಗ ತಿರುಗಿ ನೋಡಿದರೆ, ಅವರು ಬಾಣದಿಂದ ಕಿತ್ತ ನಿಂಬೆಹಣ್ಣೊಂದನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಬಿದ್ದಿದ್ದ ಪ್ಲಸ್ ಆಕಾರದ ಸೀಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅಪಶಕುನವೇನಾದರೂ ಕಂಡಿತೋ ಎಂದು ಹೆದರಿದೆ.

ಟ್ರಕ್ಕಿನ ಬಾಗಿಲು ಹಾಕುತ್ತಿದ್ದಂತೆ ಹೆರಾಲ್ಡ್ ಕಿಟಕಿ ಇಳಿಸಿದ. ಆಮೇಲೆ ನನ್ನ ಕಡೆಯ ಕಿಟಕಿಯನ್ನೂ ಇಳಿಸಲು ಹೇಳಿದ. ಹಂದಿಗೆ ಕಣ್ಣು ಮಂದ, ಮೂಗು ಮಾತ್ರ ಬಲು ಚುರುಕು. ಅದಕ್ಕೇ ಅವನು ಮೂರು ದಿನದಿಂದ ಸೋಪು ಮುಟ್ಟದೆ, ಬಟ್ಟೆಯನ್ನು ಓಕ್ ಮರದ ಎಲೆಗಳ ಜೊತೆ ಚೀಲದಲ್ಲಿ ಕಟ್ಟಿಟ್ಟು ಹಾಕಿಕೊಂಡು ಬಂದಿದ್ದ. ನಾನೋ ಸೀಗೆಕಾಯಿ ಸ್ನಾನ ಮಾಡಿ, ಊದುಬತ್ತಿ, ಕರ್ಪೂರ, ಗಂಧ, ಮಲ್ಲಿಗೆ ಸಮೇತ ದಯಮಾಡಿಸಿದ್ದೆ. ಎರಡು ಅಲಗಿನದನ್ನೇ ತಗೊಂಡೆಯಾ ಎಂದು ಕೇಳಿದ. ಗ್ರಾಫಿನ ವಿಷಯ ಹೇಳಿ ಬಾಣ ತೋರಿಸಿದೆ. ಕೆಂಪು, ಹಳದಿ, ಕಪ್ಪು ಬಣ್ಣದ ಆ ನಾಲ್ಕು ಅಲಗಿನ ಓರೆ ಮೊನೆಯನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಗೇರು ಹಾಕಿ ಟ್ರಕ್ಕು ಹೊರಡಿಸಿದ.

ಗುಡ್ಡದ ಬುಡದಲ್ಲಿ ಪೊದೆಗಳ ಮರೆಗೆ ಟ್ರಕ್ಕು ನಿಲ್ಲಿಸಿ, ಹೆರಾಲ್ಡ್ ನನ್ನನ್ನು ಇಳಿಜಾರಿನಲ್ಲಿ ಒಂದು ಓಕ್ ಮರದ ಕೆಳಗೆ ಕೂರಿಸಿದ. ತಾನು ಆದಷ್ಟು ದೂರ ಕೂತ. ಬೇಟೆಯ ತಂತ್ರವೆಂದು ಆಗ ತಿಳಿದಿದ್ದೆ. ವಾಸನೆಯಿಂದ ದೂರ ಹೋದದ್ದೆಂದು ಆಮೇಲೆ ಹೊಳೆಯಿತು.

ಬಿಸಿಲೇರಿತು. ಒಣಹುಲ್ಲಿನ ಗುಡ್ಡ ಹೊಂಬಣ್ಣಕ್ಕೆ ತಿರುಗಿತು. ನನಗೆ ಹಸಿವಾಯಿತು. ಜೇಬಿನಿಂದ ಪ್ರಸಾದದ ಪೊಟ್ಟಣ ತೆಗೆದು ಇನ್ನೇನು ಬಿಚ್ಚಬೇಕು, ಎಲೆ ಸರಗುಟ್ಟಿತು. ಗಾಬರಿಯಲ್ಲಿ ಎದ್ದು ಮರದ ಹಿಂದೆ ಸರಿದೆ. ಪೊಟ್ಟಣ ಕೈತಪ್ಪಿ ನೆಲದ ಮೇಲೆಲ್ಲ ಪುರಿ ಚೆಲ್ಲಿತು.

ಹಂದಿ ಬಂತು. ನಿಜವಾಗಿ ಬಂತು! ಕರಿಯ, ದಪ್ಪ, ನಡಿಗೆ ನಂಜೇಗೌಡನದೇ. ಮನುಷ್ಯನ ವಾಸನೆ ಬಂದರೆ ಹಂದಿ ಓಡುತ್ತದೆ ಎಂದು ಹೆರಾಲ್ಡ್ ಹೇಳಿದ್ದ. ನನ್ನಿಂದ ಬರುತ್ತಿದ್ದುದು ಮನುಷ್ಯನ ವಾಸನೆಯಲ್ಲ, ದೇವಸ್ಥಾನದ್ದು. ಅದು ನೇರ ಪ್ರಸಾದಕ್ಕೆ ಬಂದು ಬಾಯಿ ಹಾಕಿತು. ನಮ್ಮಿಬ್ಬರ ನಡುವೆ ಒಂದು ಅಂಗಳದಷ್ಟು ದೂರ. ಜೀವನಪೂರ್ತಿಯ ಪೇಪರ್ ಪ್ಲೇಟುಗಳು ಕಣ್ಣ ಮುಂದೆ ಹಾದುಹೋದವು. ಅರ್ಜುನನನ್ನು ನೆನೆದು ಹೆದೆ ಎಳೆದೆ. ಬಿಟ್ಟೆ.

ಬಾಣಕ್ಕೆ ಮೂಗು ಭಾರ, ಕುತ್ತಿಗೆ ಓರೆ, ಮೈತುಂಬ ಗಂಧ. ಜೊತೆಗೆ ಬಿಲ್ಲಿನಲ್ಲಿ ತೂಗುತ್ತಿದ್ದ ಮಲ್ಲಿಗೆಯ ಕುಚ್ಚನ್ನೂ ಸಿಕ್ಕಿಸಿಕೊಂಡಿತು. ಹೂ ಮುಡಿದ ಬಾಣ ಹಂದಿಯ ಕಡೆ ಹೊರಟದ್ದು, ನಡುದಾರಿಯಲ್ಲಿ ಬೇರೆ ಕೆಲಸ ನೆನಪಾದವರಂತೆ ಎಡಕ್ಕೆ ತಿರುಗಿ, ಇಳಿಜಾರಿನಲ್ಲಿ ಕೆಳಗಿಳಿದು, ಪೊದೆಗಳಲ್ಲಿ ಮರೆಯಾಯಿತು.

ಹಂದಿ ತಲೆಯೆತ್ತಿ ನನ್ನನ್ನು ನೋಡಿತು. ಮತ್ತೆ ತಿನ್ನತೊಡಗಿತು. ಎರಡನೆಯ ಬಾಣ ಹೂಡಿದೆ. ಅಷ್ಟರಲ್ಲಿ ಅದಕ್ಕೆ ಬೆಲ್ಲದ ಚೂರು ಸಿಕ್ಕಿ, ಕಣ್ಣು ಅರೆಮುಚ್ಚಿ ಚಪ್ಪರಿಸುತ್ತಿತ್ತು. ಊಟಕ್ಕೆ ಕೂತವರನ್ನು ನಡುವೆ ಎಬ್ಬಿಸಬಾರದು ಎಂದು ನಮ್ಮಜ್ಜಿ ಹೇಳಿಕೊಟ್ಟಿದ್ದರು. ಬಿಲ್ಲು ಇಳಿಸಿದೆ. ಅದು ಕೊನೆಯ ಕೊಬ್ಬರಿ ಚೂರನ್ನೂ ಮುಗಿಸಿ, ಕಾಗದವನ್ನು ಮೂಸಿ, ನಿಧಾನವಾಗಿ ಗುಡ್ಡದ ಆಚೆ ನಡೆಯಿತು.

ಆಗ ಗುಡ್ಡದ ಬುಡದಿಂದ ಸುಯ್ಯೆಂದು ಉದ್ದವಾದ ನಿಟ್ಟುಸಿರು ಕೇಳಿಬಂತು. ಹಂದಿಯದಲ್ಲ. ಹೆರಾಲ್ಡನದೂ ಅಲ್ಲ. ಅವನ ಟ್ರಕ್ಕಿನ ಹಿಂದಿನ ಟೈರಿನದು. ಬೆಣ್ಣೆಗೂ ಸಾಲದ ಮೊನೆ ಹಳೆಯ ಟೈರಿಗೆ ಧಾರಾಳವಾಗಿ ಸಾಕಾಗಿತ್ತು. ಬಾಣದ ಬುಡದಲ್ಲಿ ಮಲ್ಲಿಗೆ ಇನ್ನೂ ತೂಗುತ್ತಿತ್ತು.

ಟೈರು ಬದಲಾಯಿಸುವಾಗ ಹೆರಾಲ್ಡ್ ಒಂದೇ ಮಾತು ಕೇಳಿದ. ಆ ಗ್ರಾಫು ಈಗಲೂ ನಿನ್ನ ಹತ್ತಿರ ಇದೆಯಾ?

ಮನೆಗೆ ಬಂದರೆ ಅಡುಗೆಮ‌ನೆಯಲ್ಲಿ ಮಸಾಲೆಯ ಘಮ. ಸರೋಜ ರಜೆ ಹಾಕಿ, ಧನಿಯಾ, ಚಕ್ಕೆ, ಲವಂಗ, ಕೊಬ್ಬರಿ ಹುರಿದು, ಇಪ್ಪತ್ತು ಜನಕ್ಕೆ ಆಗುವಷ್ಟು ರುಬ್ಬಿ ಇಟ್ಟಿದ್ದಳು. ಅತಿ ದೊಡ್ಡ ಪಾತ್ರೆ ಒಲೆಯ ಮೇಲೆ ಬಾಯಿ ತೆರೆದು ಕೂತಿತ್ತು.

"ಹಂದಿ ಎಲ್ರೀ?"

"ಊಟ ಮಾಡ್ಕೊಂಡು ಹೋಯ್ತು."

ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ ಕೇಳಿಸಿಕೊಂಡು, ಆ ಯಜಮಾನರ ಗಾಡಿಯ ಚಕ್ರಕ್ಕೂ ಒಂದು ನಿಂಬೆಹಣ್ಣು ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಮಗಳಿಗೆ ಹೇಳಿದರು. ಗ್ರೋಸರಿ ಅಂಗಡಿಯಿಂದ ಹಂದಿ ಮಾಂಸ ತಂದು ಸಾರು ಮಾಡಿಬಿಟ್ಟರೆ ಹೇಗೆ ಎಂದು ನಾನು ಮೆಲ್ಲಗೆ ಸೂಚಿಸಿದೆ. ಸರೋಜ ಬೇಡವೆಂದು ತಲೆಯಾಡಿಸಿದಳು.

"ನಂಜೇಗೌಡ್ರು ತುಂಡು ತುಂಡಲ್ಲೂ ಬಾಣದ ಗುರುತು ಹುಡುಕ್ತಾರೆ. ಸುಮ್ನೆ ಸೋತೆ ಅನ್ನಿ. ಪ್ಲೇಟು ತರೋದೇನು ಅವಮಾನ ಅಲ್ಲ, ನೀವು ತಂದ ಪ್ಲೇಟು ಯಾವತ್ತೂ ಸೋರಿಲ್ಲ."

ಇದು ಸಮಾಧಾನವೋ ಚುಚ್ಚುಮಾತೋ ಎಂದು ನಾನು ಯೋಚಿಸುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಹೆರಾಲ್ಡ್ ಕಾಗದದ ಚೀಲಗಳ ತುಂಬ ಬದನೆಕಾಯಿ ಹಿಡಿದು ನಿಂತಿದ್ದ. ಪುಟ್ಟ ಪುಟ್ಟ ನೇರಳೆ ಗುಂಡುಗಳು, ಅವನ ಹಿತ್ತಲಿನವು. ಈ ವರ್ಷ ಜಾಸ್ತಿ ಬಿಟ್ಟಿದೆ ಎಂದ. ಇನ್ನು ಮುಂದೆ ಬೇಟೆಯ ಮಾತೆತ್ತದಂತೆ ಕೊಟ್ಟ ಲಂಚವೆಂದು ನನಗೆ ಈಗಲೂ ಗುಮಾನಿ. ಭಾನುವಾರದ ಊಟಕ್ಕೆ ಅವನನ್ನೂ ಕರೆದೆವು.

ಹಂದಿಯ ಮಸಾಲೆಗೆ ಎಳ್ಳು, ಕಡಲೆಬೀಜ ಹುರಿದು ಸೇರಿಸಿ ಬದನೆಕಾಯಿ ಎಣ್ಣೆಗಾಯಿ ಮಾಡುವುದೆಂದು ತಾಯಿ ಮಗಳು ತೀರ್ಮಾನಿಸಿದರು. ಎಣ್ಣೆಗಾಯಿಗೆ ಒಂದೊಂದು ಬದನೆಕಾಯಿಯನ್ನೂ ತೊಟ್ಟು ಬಿಡದಂತೆ ಅಡ್ಡ ಉದ್ದ ಸೀಳಬೇಕು; ಸೀಳು ಹೆಚ್ಚಾದರೆ ಹೋಳಾಗಿ ಬೀಳುತ್ತದೆ, ಕಡಿಮೆಯಾದರೆ ಮಸಾಲೆ ಹಿಡಿಯುವುದಿಲ್ಲ. ಎರಡು ಚೀಲ ನೋಡಿ ಸರೋಜ ನಿಟ್ಟುಸಿರು ಬಿಟ್ಟಳು. ಅತ್ತೆ ಎದ್ದರು. ನಾನು ಮೂಲೆಗೆ ಒರಗಿಸಿದ್ದ ಬಾಣಗಳನ್ನೊಮ್ಮೆ ನೋಡಿದರು. ನಂತರ, ಮದುವೆಯಾದ ಲಾಗಾಯ್ತು ಮೊದಲ ಸಲ, ನೇರವಾಗಿ ನನ್ನ ಮುಖ ನೋಡಿ ಮಾತಾಡಿದರು.

"ಅಳಿಯಂದ್ರೆ, ಆ ಕಬ್ಬಿಣ ಚೆನ್ನಾಗಿ ತೊಳ್ದು, ಸಾಣೆ ಹಿಡ್ದು ಇಂಗೆ ಕೊಡಿ."

ಪೂಜೆಯಾದ ಮೇಲೆ ಮನೆಯಿಂದ ಹೊರಗೇ ಹೋಗದ ಒಂದು ಬಾಣವಿತ್ತು. ಅದು ಹಂದಿಯನ್ನಿರಲಿ, ಟೈರನ್ನೂ ಮುಟ್ಟಿರಲಿಲ್ಲ. ಅಂಟು ಕಾಯಿಸಿ ಮೊನೆ ಬಿಡಿಸಿದೆ. ಸರೋಜ ಅದನ್ನು ಆಸ್ಪತ್ರೆಯ ಶಿಸ್ತಿನಲ್ಲಿ ಕುದಿವ ನೀರಿನಲ್ಲಿ ಬೇಯಿಸಿದಳು. ನಾನು ಸಾಣೆ ಹಿಡಿದೆ; ಪರೀಕ್ಷೆಗೆ ಉಳಿದಿದ್ದ ಬಲಗಾಲಿಗೆ ಅತ್ತೆ ಅವಕಾಶ ಕೊಡಲಿಲ್ಲ. ಒಂದು ಬದನೆಕಾಯಿ ಎತ್ತಿಕೊಂಡು, ಬುಡದಿಂದ ಮೊನೆಯನ್ನು ಒತ್ತಿ, ಹೊರಗೆಳೆದರು. ಒಂದೇ ಏಟಿಗೆ ನಾಲ್ಕು ಸಮನಾದ ಸೀಳು, ತೊಟ್ಟಿನ ಹತ್ತಿರ ಬಂದು ನಿಂತಿತ್ತು. ಬೆಳಿಗ್ಗೆ ಅವರು ನಿಂಬೆಹಣ್ಣಿನಲ್ಲಿ ನೋಡುತ್ತಿದ್ದುದು ಅಪಶಕುನವಲ್ಲ, ಎಣ್ಣೆಗಾಯಿ!

ಮೊನೆ ನನ್ನ ಕೈಗೆ ಬಂದ ಮೇಲೆ, ಅಂದು ಸಂಜೆ ನಾನು ಕೆಡವಿದ ಬದನೆಕಾಯಿಗಳಿಗೆ ಲೆಕ್ಕವಿಲ್ಲ. ಒಂದು ಗುರಿಯೂ ತಪ್ಪಲಿಲ್ಲ.

ಭಾನುವಾರ ಎಲ್ಲರೂ ಬಂದರು. ನಂಜೇಗೌಡ ಚಪ್ಪಲಿ ಬಿಡುತ್ತಲೇ ನೇರ ಪಾತ್ರೆಯ ಹತ್ತಿರ ಹೋಗಿ ಮುಚ್ಚಳ ತೆಗೆದ. ಒಳಗೆ ಬಗ್ಗಿ ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ.

"ಎಳೇ ಹಂದಿ ಕಣ್ರಪ್ಪ. ತೊಟ್ಟು ಇನ್ನೂ ಬಿಟ್ಟಿಲ್ಲ."

ಮನೆ ಬಿದ್ದುಹೋಗುವಂತೆ ನಕ್ಕರು. ಹೆರಾಲ್ಡ್‌ಗೆ ಕನ್ನಡ ಬರದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕ. ಆದರೆ ಊಟ ಶುರುವಾದ ಮೇಲೆ ನಗು ನಿಂತಿತು. ಮಾಂಸದ ಮಸಾಲೆ ಹೊಟ್ಟೆತುಂಬ ತುಂಬಿಕೊಂಡ ಆ ಬದನೆಕಾಯಿಯನ್ನು ಮುದ್ದೆಯ ಜೊತೆ ಎರಡೆರಡು ಸಲ ಹಾಕಿಸಿಕೊಂಡರು. ಹೆಂಗಸರು, ಒಂದೂ ಒಡೆಯದಂತೆ ಹೇಗೆ ಸೀಳಿದಿರಿ ಎಂದು ಸರೋಜಳನ್ನು ಕೇಳಿದರು. ಅವಳು ಮೊನೆ ತಂದು ತೋರಿಸಿದಳು. ಅದು ಕೈಯಿಂದ ಕೈಗೆ ಹೋಯಿತು. ಎಲ್ಲಿ ಸಿಗುತ್ತದೆ, ನಮಗೂ ಒಂದು ತರಿಸಿಕೊಡಿ ಎಂದು ನಾಲ್ಕೈದು ಜನ ಹೇಳಿದರು. ಮೊದಲ ಸಲ ನಾನು ತಂದ ವಸ್ತುವೊಂದನ್ನು ಜನ ಎದ್ದು ಬಂದು ನೋಡಿದ್ದರು!

ಮುಂದಿನ ತಿಂಗಳು ನಂಜೇಗೌಡನ ಫೋನು ಬಂತು.

"ಚಂದ್ರು, ಈ ಸಲ ನಮ್ಮನೇಲಿ ಎಣ್ಣೆಗಾಯಿ. ನೀನು ಆ ಬಾಣದ ಮೊನೆ ತಗೊಂಡು ಬೇಗ ಬಂದ್ಬಿಡು. ನೀನಿಲ್ದೆ ಆಗಲ್ಲ."

ನನ್ನ ಎದೆ ಉಬ್ಬಿತು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬಾಯಿ ತಡೆಯದೆ ಕೇಳಿದೆ. "ಹಾಗಾದ್ರೆ ಪ್ಲೇಟು?"

"ಪ್ಲೇಟೂ ತಾ. ಮಾತು ಮಾತೇ."

ಶನಿವಾರ ಮತ್ತೆ ಆ ಅಂಗಡಿಗೆ ಹೋದೆ. ಹೆಂಗಸರು ಹೇಳಿಕಳಿಸಿದಷ್ಟು ನಾಲ್ಕು ಅಲಗಿನ ಮೊನೆ ಕೊಡಿ ಎಂದೆ. ಅಂಗಡಿಯವನಿಗೆ ನನ್ನ ಗುರುತು ಸಿಕ್ಕಿತು. ಈಗ ಯಾವ ಪ್ರಾಣಿಯ ಹಿಂದೆ ಬಿದ್ದಿದ್ದೀಯ ಎಂದು ವಿಚಾರಿಸಿದ. ಬದನೆಕಾಯಿ ಎಂದೆ. ಅವನು ನಗಲಿಲ್ಲ. ಗಲ್ಲ ಸವರಿಕೊಂಡು, ಎಷ್ಟು ದಪ್ಪದ ಬದನೆಕಾಯಿ ಎಂದು ಕೇಳಿದ. ಬೆರಳಲ್ಲಿ ತೋರಿಸಿದೆ. ಹಾಗಿದ್ದರೆ ನೀನು ಆರಿಸಿದ್ದೇ ಸರಿ, ಎರಡು ಅಲಗಿನದು ಅದಕ್ಕೆ ಪ್ರಯೋಜನವಿಲ್ಲ ಎಂದ.

ನನ್ನ ಗ್ರಾಫು ಸರಿಯಾಗಿಯೇ ಇತ್ತು. ಪ್ರಾಣಿ ಮಾತ್ರ ತಪ್ಪಿತ್ತು. ಈ ಸಂತೋಷದಲ್ಲಿ ಮನೆಗೆ ಹೊರಟವನು, ದಾರಿಯಲ್ಲಿ ಗ್ರೋಸರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಪೇಪರ್ ಪ್ಲೇಟುಗಳ ಗೋಡೆಯ ಎದುರು ಬಹಳ ಹೊತ್ತು ನಿಂತು, ಸೋರದಂಥವನ್ನೇ ನೋಡಿ ಆರಿಸಿದೆ.